ಕೋವಿ ಎಲ್ಲಿದೆ?

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಘದ ಗೆಳೆಯರು ಕೇಳಿದಾಗ, ಗಡಿನಾಡಿನ ಭಾಷೆಯ ಬಗೆಗೋ ಯಕ್ಷಗಾನದ ಬಗೆಗೋ ಬರೆಯುವೆನೆಂದು ಅವರು ನಿರೀಕ್ಷಿಸಿರಬಹುದು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿದ್ದಾರೆ. ನಾನು ಬರೆಯಹೊರಟಿರುವುದು ನಮ್ಮ ಮನೆಯ ಕೋವಿಯ ಬಗ್ಗೆ. ಕಾಸರಗೋಡಿನ ಒಳನಾಡಿನ ತೋಟದ ಮನೆಗಳಲ್ಲಿ ಬೆಳೆದವರಿಗೆ ಕೋವಿ ಅಪರಿಚಿತ ವಸ್ತುವಲ್ಲ. ಅದರ ಬಗ್ಗೆ ನಾವು ಹೇಳುವ ಕತೆಗಳು ಹೆಚ್ಚಾಗಿ ಹಂದಿಯ ಕತೆಗಳು, ಮಂಗಗಳ ಕತೆಗಳು. ನನ್ನ ಕತೆ ಮಕ್ಕಳದು.

ನನ್ನ ಅಜ್ಜನ ಕೋವಿಗೆ ಮೊದಲ ಪರವಾನಗಿ ದೊರೆತದ್ದು ಮಂಗಳೂರಿನಲ್ಲಿ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಮದರಾಸು ಆಡಳಿತದ ಕಾಲದಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಅದೇ ಕಾಗದಕ್ಕಾಗಿ ಕಣ್ಣೂರಿಗೆ ಹೋಗಬೇಕಾಯಿತು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾದ ಮೇಲೆ ಆ ಅಲೆದಾಟ ತಪ್ಪಿತು. ಕಚೇರಿಗಳು ಊರು ಬದಲಿಸಿದವು, ಕಾಗದದ ಭಾಷೆ ಬದಲಾಯಿತು. ಕೋವಿ ಮಾತ್ರ ಚಾವಡಿಯ ಗೋಡೆಯ ಎರಡು ಮರದ ಗೂಟಗಳ ಮೇಲೆ ಇದ್ದಲ್ಲೇ ಇತ್ತು.

ಅದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆಯ ರಕ್ಷಣೆಗಾಗಿ ಈ ಬಗೆಯ ಕೋವಿಗೆ ಪರವಾನಗಿ ಕೊಡುವ ಪ್ರಸ್ತಾಪ ಪ್ರತ್ಯೇಕವಾಗಿಯೇ ಇದೆ. ಮೊದಲು ಮದ್ದು ಸುರಿದು, ತೆಂಗಿನ ನಾರಿನ ಉಂಡೆಯನ್ನು ಕಬ್ಬಿಣದ ಸರಳಿನಿಂದ ಜಡಿದು, ಸೀಸದ ಗುಂಡುಗಳನ್ನು ಹಾಕಿ, ಮತ್ತೆ ನಾರು ಜಡಿಯಬೇಕು. ಕೊನೆಗೆ ಹಿಂಬದಿಯಲ್ಲಿ, ಕುದುರೆ ಬಂದು ಬಡಿಯುವ ಜಾಗದಲ್ಲಿ, ತಾಮ್ರದ ಪುಟ್ಟ ಟೊಪ್ಪಿಯಂತಿರುವ ಕೇಪನ್ನು ಇಡಬೇಕು. ಹೀಗೆ ತುಂಬಿದ ಕೋವಿಯನ್ನು ಬರಿದು ಮಾಡಲು ಇರುವ ಸುಲಭದ ದಾರಿ ಒಂದೇ, ಈಡು ಹೊಡೆಯುವುದು. ಆದ್ದರಿಂದ ರಾತ್ರಿಯೆಲ್ಲ ತೋಟದಲ್ಲಿ ಕಾದು ಹಂದಿ ಬಾರದೆ ಮರಳಿದ ಅಜ್ಜ, ಮದ್ದು ವ್ಯರ್ಥವಾಗಬಾರದೆಂದು ಕೇಪನ್ನಷ್ಟೇ ತೆಗೆದು ತನ್ನ ಎಲೆಪೆಟ್ಟಿಗೆಯಲ್ಲಿಟ್ಟು, ತುಂಬಿದ ಕೋವಿಯನ್ನು ಗೂಟಕ್ಕೆ ಏರಿಸುತ್ತಿದ್ದರು. ಕೇಪಿಲ್ಲದ ಕೋವಿ ಬರಿಯ ಕೋಲು ಎಂಬುದು ಅವರ ಮಾತು. ಮಕ್ಕಳು ಮುಟ್ಟಬಾರದು ಎಂಬುದು ಮನೆಯ ಕಟ್ಟಳೆ. ಇವೆರಡು ಸಾಕೆಂದು ಹಿರಿಯರೆಲ್ಲ ನಂಬಿದ್ದರು.

ನನಗಾಗ ಎಂಟು ವರ್ಷ. ದೀಪಾವಳಿಯ ಸಂಜೆ ಹಿರಿಯರೆಲ್ಲ ಬಲಿಯೇಂದ್ರನನ್ನು ಕರೆಯಲು ಗದ್ದೆಗೆ ಹೋಗಿದ್ದರು. ಚಾವಡಿಯಲ್ಲಿ ಉಳಿದವರು ನಾನು ಮತ್ತು ಚಿಕ್ಕಪ್ಪನ ಆರು ವರ್ಷದ ಮಗಳು. ಹಬ್ಬಕ್ಕೆಂದು ತಂದುಕೊಟ್ಟ ಆಟದ ಪಿಸ್ತೂಲಿನ ಕೇಪುಗಳು ನನ್ನ ಜೇಬಿನಲ್ಲಿದ್ದವು. ಅಜ್ಜನ ಕೋವಿಗೂ ಬೇಕಾದದ್ದು ಕೇಪು, ನನ್ನ ಬಳಿ ಇರುವುದೂ ಕೇಪು. ಎಂಟು ವರ್ಷದ ತಲೆಗೆ ಅಷ್ಟು ತರ್ಕ ಧಾರಾಳವಾಯಿತು. ಅಕ್ಕಿಮುಡಿಯ ಮೇಲೆ ಹತ್ತಿ ಕೋವಿಯನ್ನು ಇಳಿಸಿದೆ. ಅದರ ಭಾರ ತಡೆಯಲಾರದೆ ನಳಿಗೆಯನ್ನು ಜಗಲಿಯ ಗಿಡ್ಡಗೋಡೆಯ ಮೇಲೆ ಒರಗಿಸಿದೆ. ಅಜ್ಜ ಇಡುತ್ತಿದ್ದ ಜಾಗದಲ್ಲೇ ನಾಲ್ಕೈದು ಕಾಗದದ ಕೇಪುಗಳನ್ನು ಮಡಿಸಿಟ್ಟು, ಎರಡೂ ಕೈಗಳಿಂದ ಕುದುರೆಯನ್ನು ಎಳೆದು ನಿಲ್ಲಿಸಿದೆ. ಅವಳು ಹಂದಿ, ನಾನು ಅಜ್ಜ. ಅವಳು ಅಂಗಳದಲ್ಲಿ ಅಂಬೆಗಾಲಿಡುತ್ತ ಗುಟುರು ಹಾಕಿದಳು. ನಾನು ಟ್ರಿಗರ್ ಎಳೆದೆ.

ಟಪ್ ಎಂಬ ಸದ್ದು, ಒಂದಿಷ್ಟು ಹೊಗೆ, ಗಂಧಕದ ವಾಸನೆ. ಅಷ್ಟೇ ಆದದ್ದು. ಸತ್ತ ಹಂದಿ ಹೇಗೆ ಬೀಳಬೇಕೋ ಹಾಗೆ ಅವಳು ಅಂಗಳದಲ್ಲಿ ಬಿದ್ದು ನಗತೊಡಗಿದಳು. ತಲೆಯೆತ್ತಿದಾಗ ಅಂಗಳದ ತುದಿಯಲ್ಲಿ ಅಜ್ಜ ನಿಂತಿದ್ದರು, ಕೈಯಲ್ಲಿ ಉರಿಯುವ ಸೂಟೆ.

ಅವರು ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸೂಟೆಯನ್ನು ಬೇರೊಬ್ಬರ ಕೈಗೆ ಕೊಟ್ಟು ದೂರ ಕಳುಹಿಸಿ, ಎಲ್ಲರನ್ನೂ ಮನೆಯ ಒಳಗೆ ಹೋಗಹೇಳಿದರು. ಎಲೆಪೆಟ್ಟಿಗೆಯಿಂದ ನಿಜವಾದ ಕೇಪನ್ನು ತೆಗೆದು ಇಟ್ಟು, ಹಟ್ಟಿಯ ಹಿಂದಿನ ದರೆಗೆ ಗುರಿಹಿಡಿದರು. ಆ ಸದ್ದಿಗೆ ಹಟ್ಟಿಯ ದನಗಳೆಲ್ಲ ಎದ್ದು ನಿಂತವು. ದರೆಯಿಂದ ಒಂದು ಬುಟ್ಟಿಯಷ್ಟು ಮಣ್ಣು ಕುಸಿದು ಬಿತ್ತು. ಆಟದಲ್ಲಿ ನಾನು ಅವಳ ಕಡೆಗೆ ತಿರುಗಿಸಿ ಹಿಡಿದದ್ದು ಏನನ್ನೆಂಬುದು ನನಗೆ ತಿಳಿದದ್ದು ಆ ಮಣ್ಣನ್ನು ನೋಡಿದಾಗ. ಅಂದು ರಾತ್ರಿ ಅಜ್ಜ ಅಜ್ಜಿಯೊಡನೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದನ್ನು ಹಾಸಿಗೆಯಲ್ಲಿ ಎಚ್ಚರವಾಗಿದ್ದ ನಾನು ಕೇಳಿದೆ: "ಕೇಪು ತೆಗೆದಿದ್ದೇನೆಂದು ನಾನು ನಿಶ್ಚಿಂತೆಯಿಂದ ಇದ್ದೆ. ಮಕ್ಕಳ ಕೈಯಲ್ಲೂ ಕೇಪು ಇರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ."

ಮರುದಿನದಿಂದ ಗೂಟಗಳು ಬರಿದಾದವು. ಕೋವಿ ಮರದ ಪೆಟಾರಿಯೊಳಗೆ ಸೇರಿತು. ಮದ್ದು, ಗುಂಡು, ಕೇಪುಗಳು ಅಟ್ಟದ ಕಬ್ಬಿಣದ ಪೆಟ್ಟಿಗೆಗೆ ಹೋದವು. ಎರಡಕ್ಕೂ ಬೇರೆ ಬೇರೆ ಬೀಗ. ಕೈಗಳೆರಡೂ ಅಜ್ಜನ ಉಡಿದಾರದಲ್ಲಿ. ತುಂಬಿದ ಕೋವಿಯನ್ನು ಅವರು ಮತ್ತೆಂದೂ ಹೊಸ್ತಿಲು ದಾಟಿಸಲಿಲ್ಲ. ಹಂದಿ ಬಾರದ ರಾತ್ರಿಗಳಲ್ಲಿ ಬೆಳಗಿನ ಜಾವ ದರೆಗೊಂದು ಈಡು ಹೊಡೆದೇ ಮನೆಗೆ ಬರುತ್ತಿದ್ದರು. ಮದ್ದು ದಂಡವೆಂದು ನೆರೆಯವರು ನಕ್ಕರು. ಅಜ್ಜ ಉತ್ತರ ಕೊಡಲಿಲ್ಲ.

ಇಷ್ಟನ್ನು ಕಣ್ಣಾರೆ ಕಂಡವನು ಮುಂದೆ ಎಚ್ಚರದಿಂದ ಬಾಳಿದ ಎಂದು ಬರೆಯುವಂತಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ತಂದೆಯವರ ಕಾಲದಲ್ಲಿ ಹಳೆಯ ಕೋವಿ ಹೋಗಿ ತೋಟಾ ಹಾಕುವ ಒಂಟಿ ನಳಿಗೆಯ ಕೋವಿ ಬಂತು. ಅವರ ನಂತರ ಅದು ನನ್ನ ಹೆಸರಿಗೆ ಬಂತು. ಮಕ್ಕಳು ಓದಿ ಬೆಂಗಳೂರು ಸೇರಿದರು. ತೋಟದ ನಡುವಿನ ದೊಡ್ಡ ಮನೆಯಲ್ಲಿ ಉಳಿದವರು ನಾವಿಬ್ಬರೇ. 2022ರ ಮಳೆಗಾಲದಲ್ಲಿ, ನಮ್ಮಿಂದ ಒಂದು ಗುಡ್ಡೆಯಾಚೆ ನಮ್ಮಂತೆಯೇ ವಯಸ್ಸಾದ ದಂಪತಿಗಳಿದ್ದ ಮನೆಗೆ ರಾತ್ರಿ ಕಳ್ಳರು ನುಗ್ಗಿದರು. ಆ ಬಳಿಕ ನನ್ನ ಹೆಂಡತಿಗೆ ನಿದ್ದೆ ಹತ್ತದಾಯಿತು. ಅಡಕೆ ಬಿದ್ದರೂ ಎದ್ದು ಕೂರುವಳು. ನಾನು ಕೋವಿಯನ್ನು ಪೆಟಾರಿಯಿಂದ ತೆಗೆದು ಮಲಗುವ ಕೋಣೆಯ ಬಾಗಿಲ ಹಿಂದೆ ನಿಲ್ಲಿಸಿದೆ. ತೋಟಾಗಳನ್ನು ಕಪಾಟಿನಲ್ಲಿ ಔಷಧಿಯ ಡಬ್ಬಿಯ ಅಡಿಯಲ್ಲಿ ಬಚ್ಚಿಟ್ಟೆ. ಅವಳಿಗೆ ನಿದ್ದೆ ಬಂತು. ನನಗೂ ಬಂತು.

ಮರುವರ್ಷ ಬೇಸಗೆ ರಜೆಗೆ ಮಗಳು ಐದು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬಂದಳು. ಜಗಲಿಯಲ್ಲಿ ಚೀಲ ಇಳಿಸುವ ಮೊದಲೇ ಕೇಳಿದಳು, "ಅಪ್ಪಾ, ಕೋವಿ ಎಲ್ಲಿದೆ?"

ನನಗೆ ನೋವಾಯಿತು. ತಂದೆಯ ಮನೆಗೆ ಬಂದ ಮಗಳು ಕುಶಲ ಕೇಳುವ ಮೊದಲು ಕೇಳುವ ಮಾತೇ ಇದು? "ಮುಟ್ಟಬಾರದೆಂದು ಅವನಿಗೆ ಹೇಳುತ್ತೇನೆ. ನಮ್ಮ ಮನೆಯ ಮಕ್ಕಳು ಹೇಳಿದ ಮಾತು ಕೇಳುತ್ತಾರೆ," ಎಂದೆ. ಅಂದೇ ಅವನನ್ನು ಬಳಿಗೆ ಕರೆದು ಗಂಭೀರವಾಗಿ ಹೇಳಿದೆ. ಅವನೂ ಗಂಭೀರವಾಗಿ ತಲೆಯಾಡಿಸಿದ.

ನಾಲ್ಕನೆಯ ದಿನ ಊಟದ ಹೊತ್ತಿಗೆ ಅವನಾಗಿಯೇ ಹೇಳಿದ, "ಅಜ್ಜಾ, ನಿಮ್ಮ ಹತ್ತಿರ ಐದು ಕೆಂಪು ಗುಂಡು ಉಂಟು. ಔಷಧಿ ಡಬ್ಬಿಯ ಅಡಿಯಲ್ಲಿ. ನಾನು ಕೋವಿ ಮುಟ್ಟಲಿಲ್ಲ. ಬರೇ ಎಣಿಸಿದ್ದು."

ಅವನು ಮಾತು ಮೀರಿರಲಿಲ್ಲ. ಕೋವಿಯನ್ನು ಮುಟ್ಟಬಾರದೆಂದು ನಾನು ಹೇಳಿದ್ದೆ, ಎಣಿಸಬಾರದೆಂದು ಹೇಳಿರಲಿಲ್ಲ. ಮಗಳು ತಟ್ಟೆಯಿಂದ ತಲೆಯೆತ್ತಲಿಲ್ಲ. ನನಗೆ ಅರುವತ್ತು ವರ್ಷಗಳ ಹಿಂದಿನ ದರೆಯ ಮಣ್ಣು ನೆನಪಾಯಿತು. ಅಜ್ಜ ಕೇಪನ್ನು ನಂಬಿದ್ದರು, ನಾನು ಔಷಧಿಯ ಡಬ್ಬಿಯನ್ನು ನಂಬಿದ್ದೆ.

ಮಕ್ಕಳ ವೈದ್ಯರೊಬ್ಬರು ಆಮೇಲೆ ಅಮೆರಿಕದ ಅಧ್ಯಯನವೊಂದರ ಬಗ್ಗೆ ಹೇಳಿದರು. 2001ರಲ್ಲಿ ಪ್ರಕಟವಾದದ್ದು. 8ರಿಂದ 12 ವರ್ಷದ ಹುಡುಗರನ್ನು ಇಬ್ಬರು ಮೂವರ ಗುಂಪುಗಳಲ್ಲಿ ಒಂದು ಕೋಣೆಗೆ ಬಿಟ್ಟು, ಗುಂಡು ಹಾರಿಸಲಾಗದಂತೆ ಮಾಡಿದ ನಿಜವಾದ ಪಿಸ್ತೂಲನ್ನು ಅಲ್ಲಿನ ಮೇಜಿನ ಸೆಳೆಖಾನೆಯಲ್ಲಿ ಅಡಗಿಸಿಟ್ಟಿದ್ದರು. ಅದನ್ನು ಕಂಡುಕೊಂಡ ಹುಡುಗರಲ್ಲಿ ಹೆಚ್ಚಿನವರು ಕೈಗೆತ್ತಿಕೊಂಡರು. ಸುಮಾರು ಮೂರರಲ್ಲಿ ಒಬ್ಬ ಟ್ರಿಗರನ್ನೂ ಎಳೆದ. ಹೀಗೆ ಮಾಡಿದವರಲ್ಲಿ ಬಹುಪಾಲು ಮಕ್ಕಳಿಗೆ ಮೊದಲೇ ಎಚ್ಚರಿಕೆಯ ಪಾಠ ಆಗಿತ್ತು. ಮಕ್ಕಳಿಗೆ ಬುದ್ಧಿ ಹೇಳುವುದು ಬೇಡವೆಂದು ಇದರ ಅರ್ಥವಲ್ಲ. ಬುದ್ಧಿಮಾತನ್ನು ಬೀಗವೆಂದು ತಿಳಿಯಬಾರದು, ಅಷ್ಟೆ.

ಹಾಗಾದರೆ ಕಳ್ಳ ಬಂದರೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹೆಂಡತಿಯ ಭಯ ನಿಜವಾದದ್ದು. ಬೀಗ ತೆಗೆದು, ತೋಟಾ ಹುಡುಕಿ, ಕೋವಿಗೆ ಹಾಕುವಷ್ಟರಲ್ಲಿ ನಿಮಿಷಗಳು ಕಳೆಯುತ್ತವೆ. ಆದರೆ ಒಂದು ರಾತ್ರಿ ದೀಪ ಆರಿಸಿ ಮಲಗಿ ಯೋಚಿಸಿದೆ. ಕತ್ತಲೆಯಲ್ಲಿ ನಿದ್ದೆಗಣ್ಣಿನ ಮುದುಕನೊಬ್ಬ ತುಂಬಿದ ಕೋವಿ ಹಿಡಿದು ನಿಂತಿದ್ದಾನೆ. ನಡುಕೋಣೆಯಲ್ಲಿ ಏನೋ ಸರಿದಾಡುತ್ತದೆ. ಅದು ಕಳ್ಳನೇ ಆಗಿರಬೇಕೆಂದಿಲ್ಲ. ಮೂತ್ರಕ್ಕೆಂದು ಎದ್ದ ಮೊಮ್ಮಗನೂ ಆಗಿರಬಹುದು. ಆ ನಿಮಿಷಗಳ ವಿಳಂಬವೇ ನಮ್ಮನ್ನು ಕಾಯಬಹುದು ಎನಿಸಿತು. ಇನ್ನು ಹಂದಿಯ ಮಾತು. ಅದಕ್ಕೆ ಅಂಥ ಅವಸರವೇ ಇಲ್ಲ. ಕಾಡುಹಂದಿಯನ್ನು ಕೊಲ್ಲಲು ಅನುಮತಿ ಬೇಕು. ಆ ಅನುಮತಿ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಂಥ ಸ್ಥಳೀಯ ಮುಖ್ಯಸ್ಥರಿಗೆ ನೀಡಿತು. ಅನುಮತಿಗೆ ಕಾಯುವವನು ಬೀಗ ತೆಗೆಯುವಷ್ಟು ಹೊತ್ತು ಕಾಯಲಾರನೆ?

ಒಂದು ಗೋದ್ರೆಜ್ ಕಪಾಟನ್ನು ತರಿಸಿ ಗೋಡೆಗೆ ಬಿಗಿಸಿದೆ. ಕೋವಿ ಅದರೊಳಗೆ, ಬರಿದಾಗಿ. ತೋಟಾಗಳು ಬೇರೆ ಕೋಣೆಯ ಬೇರೆ ಪೆಟ್ಟಿಗೆಯಲ್ಲಿ. ಕೋವಿ ಹೊರಗೆ ಬಂದಾಗಲೆಲ್ಲ ನಳಿಗೆ ಮುರಿದು ಒಳಗೆ ಏನೂ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿಮಾಡಿಕೊಳ್ಳುತ್ತೇನೆ. ಮನೆಯ ಸುತ್ತ ನಾಲ್ಕು ದೀಪ ಹಾಕಿಸಿದೆವು, ಒಂದು ನಾಯಿಯನ್ನು ಸಾಕಿದೆವು. ಗುಡ್ಡೆಯ ಈಚೆ ಆಚೆಯ ಆರು ಮನೆಯವರು ರಾತ್ರಿ ಯಾರ ಫೋನು ಬಂದರೂ ಎತ್ತಬೇಕೆಂದು ಮಾತಾಡಿಕೊಂಡೆವು.

ಇದರ ಪರೀಕ್ಷೆ 2024ರಲ್ಲಿ ತಾನಾಗಿಯೇ ಬಂತು. ಲೋಕಸಭಾ ಚುನಾವಣೆ ಘೋಷಣೆಯಾಗಿ, ಎಂದಿನಂತೆ ಕೋವಿಯನ್ನು ಠಾಣೆಯಲ್ಲಿ ಇರಿಸಬೇಕಾಯಿತು. ಮಲಯಾಳದಲ್ಲಿ ಬರೆದ ರಸೀದಿಯನ್ನು ನೆರೆಮನೆಯ ಹುಡುಗನಿಂದ ಓದಿಸಿಕೊಂಡು ಮಡಿಸಿಟ್ಟೆ. ಮಾರ್ಚಿನಿಂದ ಜೂನಿನವರೆಗೆ ಮನೆಯಲ್ಲಿ ಕೋವಿಯೇ ಇರಲಿಲ್ಲ. ಹಂದಿ ಎರಡು ಸಲ ಬಂದು ಗೆಣಸಿನ ಸಾಲನ್ನು ಅಗೆದುಹಾಕಿತು. ಒಂದು ರಾತ್ರಿ ನಾಯಿ ಬಹಳ ಬೊಗಳಿದಾಗ ಹೆಂಡತಿ ದೀಪಗಳನ್ನೆಲ್ಲ ಹಾಕಿ ಫೋನು ಮಾಡಿದಳು. ಹತ್ತು ನಿಮಿಷದಲ್ಲಿ ಮೂವರು ಟಾರ್ಚು ಹಿಡಿದು ಅಂಗಳದಲ್ಲಿದ್ದರು. ಬಂದದ್ದು ಯಾರೆಂದು ತಿಳಿಯಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟು ಅವಳು ಬೆಳಗಿನವರೆಗೆ ಮಲಗಿದಳು.

ಕೋವಿಯನ್ನು ಮರಳಿ ತಂದಿದ್ದೇನೆ. ತೋಟವಿರುವವರೆಗೆ ಅದು ಬೇಕಾಗಬಹುದು. ಈಗ ಎರಡು ಬೀಗದ ಕೈಗಳೂ ನನ್ನ ಉಡಿದಾರದಲ್ಲಿವೆ. ಸ್ನಾನಕ್ಕೆ ಹೋಗುವಾಗಲೂ ಬಿಚ್ಚುವುದಿಲ್ಲ.

ರಜೆಯಲ್ಲಿ ಮಕ್ಕಳೊಡನೆ ನೆಂಟರ ಮನೆಗೆ ಹೋಗುವ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ಕೋವಿ ಇರುವ ಮನೆಯಾದರೆ ಅದು ಎಲ್ಲಿದೆಯೆಂದು ಸಂಕೋಚವಿಲ್ಲದೆ ಕೇಳಿರಿ. ಕೇಳಿಸಿಕೊಂಡ ಅಜ್ಜಂದಿರು ನನ್ನಂತೆ ನೊಂದುಕೊಳ್ಳಬೇಡಿ. ಈ ವರ್ಷ ಮಗಳು ಬಂದಾಗ ಮತ್ತೆ ಕೇಳಿದಳು. ನಾನು ಅವಳನ್ನು ಒಳಗೆ ಕರೆದೊಯ್ದು, ಕಪಾಟಿನ ಹಿಡಿಯನ್ನು ಅವಳ ಕೈಯಿಂದಲೇ ಎಳೆದು ನೋಡಹೇಳಿದೆ. ಅದು ತೆರೆಯಲಿಲ್ಲ. ಆಮೇಲೆ ಅವಳು ಚೀಲ ಇಳಿಸಿ, "ಹೇಗಿದ್ದೀರಿ ಅಪ್ಪಾ?" ಎಂದು ಕೇಳಿದಳು.