ಎರಡು ಸಿಲಿಂಡರ್ ಮಲಗಿಸಲು ಹೋಗಿ

ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವ ಕಾರಿಗೆ ಎಂಜಿನ್ನಿನ ಪೂರ್ತಿ ಬಲ ಬೇಕಿಲ್ಲ. ಹಾಗಿದ್ದ ಮೇಲೆ ನಾಲ್ಕೂ ಸಿಲಿಂಡರ್‌ಗಳಿಗೆ ಪೆಟ್ರೋಲ್ ಯಾಕೆ? ಎರಡಕ್ಕೆ ನಿಲ್ಲಿಸಿದರೆ ಉಳಿತಾಯವೇ ಅಲ್ಲವೇ? ಇಂಜಿನಿಯರಿಂಗ್ ಕೊನೆಯ ವರ್ಷದ ನನ್ನ ಪ್ರಾಜೆಕ್ಟ್ ನಿಂತಿದ್ದು ಇಷ್ಟೇ ತರ್ಕದ ಮೇಲೆ.

ಗುಜರಿಗೆ ಹೊರಟಿದ್ದ, ಸಿಲಿಂಡರಿಗೊಂದು ಇಂಜೆಕ್ಟರ್ ಇರುವ ಎಂಪಿಎಫ್‌ಐ ಕಾರೊಂದನ್ನು ಗೆಳೆಯರೆಲ್ಲ ಸೇರಿ ಕೊಂಡೆವು. ಎರಡು ಮತ್ತು ಮೂರನೆಯ ಇಂಜೆಕ್ಟರ್‌ಗಳ ವೈರಿಗೆ ಸ್ವಿಚ್ ಕೂರಿಸಿದೆವು. ಫೈರಿಂಗ್ ಆರ್ಡರ್ 1-3-4-2 ಆದ್ದರಿಂದ ಉಳಿದ ಒಂದು ಮತ್ತು ನಾಲ್ಕು ಸಮ ಅಂತರದಲ್ಲಿ ಉರಿಯುತ್ತವೆ. ನಾನು ಸರಿಯಾಗಿ ಯೋಚಿಸಿದ್ದು ಅದೊಂದನ್ನೇ.

ಸ್ವಿಚ್ ಒತ್ತಿದರೆ ಗಾಡಿ ನಡುಗುತ್ತಿತ್ತು, ಎಳೆಯುತ್ತಿರಲಿಲ್ಲ. “ಮಿಸ್ಸಿಂಗ್ ಹೊಡೀತಾ ಇದೆ ಕಣಪ್ಪಾ. ಇದನ್ನ ಸರಿ ಮಾಡಿಸೋಕೆ ಜನ ದುಡ್ಡು ಕೊಡ್ತಾರೆ” ಎಂದರು ಗ್ಯಾರೇಜಿನ ಮೇಸ್ತ್ರಿ. ನಾವು ನಕ್ಕೆವು. ಟ್ಯಾಂಕ್ ತುಂಬಿಸಿ ಅಳೆದಾಗ ಮೈಲೇಜ್ ತುಸು ಏರಿತ್ತಲ್ಲ!

ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: “ಎರಡು ಸಲವೂ ಒಂದೇ ಸ್ಪೀಡಲ್ಲಿ ಓಡಿಸಿದ್ರೇನಪ್ಪಾ?” ಇಲ್ಲ. ಎರಡೇ ಸಿಲಿಂಡರ್ ಉರಿಯುವಾಗ ಗಾಡಿ ವೇಗ ಹಿಡಿಯುತ್ತಲೇ ಇರಲಿಲ್ಲ. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಉಳಿತಾಯ ಬಂದಿದ್ದು ನಿಧಾನವಾಗಿ ಹೋಗಿದ್ದರಿಂದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ವರದಿಯಲ್ಲಿ ವೇಗದ ಕಾಲಂ ಬಿಟ್ಟಿದ್ದೆ. ಆಮೇಲೆ ಅದೇ ನಿಧಾನದಲ್ಲಿ ನಾಲ್ಕೂ ಸಿಲಿಂಡರ್ ಉರಿಸಿ ಓಡಿಸಿದಾಗ ಮೈಲೇಜ್ ಇನ್ನೂ ಚೆನ್ನಾಗಿ ಬಂತು.

ನಷ್ಟ ಎಲ್ಲಿದೆ ಎಂದು ನೋಡದೆಯೇ ಕತ್ತರಿ ಹಾಕಿದ್ದೆ. ಪೆಟ್ರೋಲ್ ಎಂಜಿನ್ ಕಡಿಮೆ ಹೊರೆಯಲ್ಲಿ ಓಡುವಾಗ ಗಾಳಿಯನ್ನು ಒಳಬಿಡುವ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಮೂಗಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ಉಸಿರೆಳೆದ ಹಾಗೆ, ಪಿಸ್ಟನ್‌ಗಳು ಗಾಳಿ ಎಳೆಯಲಿಕ್ಕೇ ಶಕ್ತಿ ಸುರಿಯುತ್ತವೆ. ಉಳಿಸಬೇಕಾದದ್ದು ಈ ಶಕ್ತಿಯನ್ನು. ಅದಕ್ಕೆ ಮಲಗಿಸಿದ ಸಿಲಿಂಡರಿನ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್‌ಗಳೆಲ್ಲ ಮುಚ್ಚಬೇಕು. ಆಗ ಒಳಗೆ ಸಿಕ್ಕಿಬಿದ್ದ ಗಾಳಿ ಒತ್ತಿಸಿಕೊಂಡ ಶಕ್ತಿಯ ಬಹುಪಾಲನ್ನು ಹಿಗ್ಗುವಾಗ ಮರಳಿಸುತ್ತದೆ. ದುಡಿಯುವ ಸಿಲಿಂಡರ್‌ಗಳಿಗೆ ಥ್ರಾಟಲ್ ಹೆಚ್ಚು ತೆರೆದುಕೊಳ್ಳುತ್ತದೆ.

ನನ್ನ ಕಾರಿನಲ್ಲಿ ವಾಲ್ವ್‌ಗಳು ಎಂದಿನಂತೆ ಕುಣಿಯುತ್ತಿದ್ದವು. ಸತ್ತ ಸಿಲಿಂಡರ್‌ಗಳು ಬರೀ ಗಾಳಿ ಎಳೆದು ಸೈಲೆನ್ಸರ್ ಕಡೆಗೆ ತಳ್ಳುತ್ತಿದ್ದವು. ಆ ಆಮ್ಲಜನಕ ಕಂಡ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಸಾಲದೆಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಹೇಳುತ್ತಿತ್ತು; ಅದು ಉಳಿದೆರಡು ಸಿಲಿಂಡರ್‌ಗಳಿಗೆ ಇನ್ನಷ್ಟು ಸುರಿಯುತ್ತಿತ್ತು. ಅರೆಬೆಂದ ಇಂಧನ, ಧಾರಾಳ ಆಮ್ಲಜನಕ ಎರಡೂ ಸೇರಿ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಯಿತು.

ವಾಲ್ವ್ ಮುಚ್ಚಿದರೂ ಕೆಲಸ ಮುಗಿಯುವುದಿಲ್ಲ. 1981ರಲ್ಲಿ ಅಮೆರಿಕದ ಕ್ಯಾಡಿಲಾಕ್ ತಂದ ವಿ8-6-4 ಎಂಜಿನ್ ವಾಲ್ವ್‌ಗಳನ್ನು ಸರಿಯಾಗಿಯೇ ಮಲಗಿಸುತ್ತಿತ್ತು. ಆದರೆ ಅಂದಿನ ಕಂಪ್ಯೂಟರಿಗೆ ಅಷ್ಟು ಚುರುಕಿರಲಿಲ್ಲ. ಗಾಡಿ ಜಗ್ಗುತ್ತದೆಂದು ಎಷ್ಟೋ ಮಾಲೀಕರು ಆ ವ್ಯವಸ್ಥೆಯ ವೈರನ್ನೇ ಕಿತ್ತುಹಾಕಿಸಿದರು. ಫೋಕ್ಸ್‌ವ್ಯಾಗನ್ 2012ರಲ್ಲಿ 1.4 ಲೀಟರ್ ಟಿಎಸ್‌ಐ ಎಂಜಿನ್ನಿನಲ್ಲಿ ತಂದ ಏರ್ಪಾಟಿನಲ್ಲಿ ಕ್ಯಾಮ್‌ಶಾಫ್ಟ್ ಮೇಲಿನ ಕೊಳವೆಯಂಥ ಭಾಗ ಪಕ್ಕಕ್ಕೆ ಜಾರಿ, ಎರಡು ಮತ್ತು ಮೂರನೆಯ ಸಿಲಿಂಡರಿನ ವಾಲ್ವ್‌ಗಳು ಏಳದಂತೆ ಮಾಡುತ್ತದೆ. ಸುಮಾರು 1400ರಿಂದ 4000 ಆರ್‌ಪಿಎಂ ನಡುವೆ, ಹೊರೆ ಹಗುರವಿದ್ದಾಗ ಮಾತ್ರ. 2021ರಲ್ಲಿ ನಮ್ಮಲ್ಲಿ ಬಂದ ಟೈಗುನ್, ಕುಶಾಕ್ ಕಾರುಗಳ 1.5 ಲೀಟರ್ ಎಂಜಿನ್ನಿನಲ್ಲೂ ಈ ತಂತ್ರವಿದೆ.

ಅಂಥ ಕಾರು ಕೊಳ್ಳಲು ಸಲಹೆ ಕೇಳುವವರಿಗೆ ನಾನು ಹೇಳುವುದಿಷ್ಟು: ನಿಮ್ಮ ಓಡಾಟ ಸಿಗ್ನಲ್‌ನಿಂದ ಸಿಗ್ನಲ್‌ಗಾದರೆ ಈ ತಂತ್ರದಿಂದ ಸಿಗುವುದು ಕಡಿಮೆ, ಹೆದ್ದಾರಿಯ ಸಮಗತಿಗಾದರೆ ಲಾಭವಿದೆ. ಯಾರಾದರೂ ಮೈಲೇಜಿನ ಅಂಕಿ ತೋರಿಸಿದರೆ, ಯಾವ ವೇಗದಲ್ಲಿ ಅಳೆದದ್ದೆಂದು ಕೇಳದೆ ನಂಬಬೇಡಿ. ಅಂಕಿ ತೋರಿಸುವವನು ನಾನೇ ಆದರೂ.