ಅಮ್ಮನ ನಂಬರು

ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಮ್ಮಮ್ಮನ ಬಳಿ ಇದ್ದ ಮೊಬೈಲ್ ನಂಬರು ಈಗ ಬಳ್ಳಾರಿ ಕಡೆಯ ಒಬ್ಬ ಹುಡುಗನ ಹತ್ತಿರ ಇದೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಅಂಗಡಿಗೆ ಹೋಗಿ ಹೊಸ ಸಿಮ್ ಕೇಳಿದ, ಆ ನಂಬರು ಸಿಕ್ಕಿತು. ಅದು ಅಮ್ಮನ ಕೈತಪ್ಪಿ ಖಾಲಿ ಬೀಳುವಂತೆ ಮಾಡಿದವನು ನಾನು.

ನಮ್ಮೂರು ತಿಪಟೂರಿನ ಆಸುಪಾಸಿನ ತೆಂಗಿನ ಸೀಮೆಯದು. ಅಪ್ಪ ಮನೆಗೆ ತಂದ ಮೊದಲ ಮೊಬೈಲು ನೋಕಿಯಾ 1100. ತಲೆಯಲ್ಲಿ ಪುಟ್ಟ ಟಾರ್ಚು, ಧೂಳು ಇಳಿಯದಂತೆ ಒಂದೇ ಹಾಳೆಯಾಗಿ ಹೊದಿಸಿದ ರಬ್ಬರ್ ಬಟನ್ನುಗಳು. 2003ರಲ್ಲಿ ಬಂದ ಆ ಮಾದರಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತಂತೆ. ನಮ್ಮೂರಲ್ಲಂತೂ ಅದಿಲ್ಲದ ಮನೆ ಕಡಿಮೆ ಇತ್ತು. ಹೊಲ ತೋಟ ಅಂತ ಓಡಾಡುವ ಅಪ್ಪನಿಗಿಂತ ಮನೆಯಲ್ಲಿರುವ ಅಮ್ಮನ ಕೈಯಲ್ಲೇ ಅದು ಹೆಚ್ಚು ಇರುತ್ತಿತ್ತು. ಬರುಬರುತ್ತಾ ಅವಳದ್ದೇ ಆಯಿತು. ಆ ಸೆಟ್ಟು ಕೆಟ್ಟಾಗ ಅಂಥದ್ದೇ ಇನ್ನೊಂದು ಬಂತು, ಆಮೇಲೆ ಮತ್ತೊಂದು. ಸಿಮ್ ಮಾತ್ರ ಅದೇ. ಬ್ಯಾಟರಿ ಸೋತರೆ ಸಂತೆಯ ದಿನ ತಿಪಟೂರಿಂದ ಹೊಸದು ತಂದು ತಾನೇ ಬೆನ್ನು ಬಿಚ್ಚಿ ಹಾಕಿಕೊಳ್ಳುತ್ತಿದ್ದಳು.

ಅಮ್ಮನಿಗೆ ಓದು ಬಾರದು, ಅಂಕಿ ಬರುತ್ತದೆ. 5ರ ಬಟನ್ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತದಲ್ಲ, ಕತ್ತಲಲ್ಲೂ ಅದರ ಮೇಲೆ ಬೆರಳಿಟ್ಟು ಉಳಿದವನ್ನೆಲ್ಲ ಹುಡುಕಿಕೊಳ್ಳುತ್ತಿದ್ದಳು. 2 ಒತ್ತಿ ಹಿಡಿದರೆ ನಾನು, 3 ಒತ್ತಿ ಹಿಡಿದರೆ ದೊಡ್ಡಮ್ಮ. ರಾತ್ರಿ ಕೊಟ್ಟಿಗೆಯಲ್ಲಿ ಹಸು ಕೂಗಿದರೆ ಅದೇ ಬೆಳಕು. ಮೋಟಾರಿಗೆ ಕರೆಂಟ್ ಬರುವ ಹೊತ್ತಿಗೆ ಏಳಲು ಅದೇ ಅಲಾರಂ. ತಿಂಗಳಿಗೊಮ್ಮೆ ಊರಿನ ಅಂಗಡಿಗೆ ಹೋಗಿ, ಸೆರಗಿನ ಗಂಟು ಬಿಚ್ಚಿ, 'ಕರೆನ್ಸಿ ಹಾಕಪ್ಪ' ಅಂತ ಹಾಕಿಸಿಕೊಂಡು ಬರುತ್ತಿದ್ದಳು.

ಆದರೆ ಆ ಫೋನಿನ ಮುಖ್ಯ ಕೆಲಸ ಬೇರೆಯೇ ಇತ್ತು. ಹುಳಿಯಾರು ಕಡೆ ಇರುವ ದೊಡ್ಡಮ್ಮ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು ರಿಂಗು ಬಿಟ್ಟು ಕಟ್ ಮಾಡುತ್ತಿದ್ದಳು. ಅಮ್ಮ ತಿರುಗಿ ಒಂದು ರಿಂಗು ಬಿಡುತ್ತಿದ್ದಳು. ಹಾಗಂದರೆ ಇಬ್ಬರೂ ಚೆನ್ನಾಗಿದ್ದಾರೆ ಅಂತ. ಬೆನ್ನುಬೆನ್ನಿಗೆ ಎರಡು ಸಲ ರಿಂಗಾದರೆ ಏನೋ ಮಾತಾಡುವುದಿದೆ, ಕೈಯಲ್ಲಿ ಕರೆನ್ಸಿ ಇದ್ದವರು ಮಾಡಬೇಕು. 2003ರ ಮೇ 1ರಿಂದ ನಮ್ಮ ದೇಶದಲ್ಲಿ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು. ಕರೆ ಎತ್ತಿದರೆ ಮಾತ್ರ ಮಾಡಿದವರಿಗೆ ಖರ್ಚು, ಎತ್ತದಿದ್ದರೆ ಯಾರಿಗೂ ಇಲ್ಲ. ಆ ಸಂದಿಯಲ್ಲಿ ಈ ಅಕ್ಕತಂಗಿಯರು ತಮ್ಮದೇ ಒಂದು ವ್ಯವಸ್ಥೆ ಕಟ್ಟಿಕೊಂಡಿದ್ದರು. ನಾನು ಅದನ್ನು ಚಿಕ್ಕಂದಿನಿಂದ ನೋಡಿದ್ದೆ. ನೋಡಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲ.

2022ರಲ್ಲಿ ನಾನು ಅಮ್ಮನಿಗೊಂದು ಟಚ್ ಫೋನ್ ಕೊಂಡೆ. ಮೊಮ್ಮಕ್ಕಳನ್ನು ವಿಡಿಯೋದಲ್ಲಿ ನೋಡಲಿ ಎಂಬ ಆಸೆ ನಿಜವಾಗಿಯೂ ಇತ್ತು. ಅದರ ಜೊತೆ ಇನ್ನೊಂದೂ ಇತ್ತು, ಅದನ್ನೂ ಹೇಳಬೇಕು. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗನ ತಾಯಿ ಇನ್ನೂ ರಬ್ಬರು ಸವೆದ ಬಟನ್ ಸೆಟ್ಟು ಹಿಡಿದಿರುವುದು ನೆಂಟರ ಎದುರು ನನಗೆ ಅವಮಾನದಂತೆ ತೋರುತ್ತಿತ್ತು. ಅವಳಿಗೆ ಆ ಸೆಟ್ಟಿನಿಂದ ಯಾವ ತೊಂದರೆಯೂ ಇರಲಿಲ್ಲ. "ಇದೇ ಚೆನ್ನಾಗೈತಲ್ಲ ಕಣೋ" ಅಂದಳು. ನಾನು ಕೇಳಲಿಲ್ಲ.

ಟಚ್ ಫೋನಿಗೆ ಬೇರೆ ಕಂಪನಿಯ ಹೊಸ ಸಿಮ್ ಹಾಕಿಸಿದೆ. ಹಳೆಯದಕ್ಕೂ ಹೊಸದಕ್ಕೂ ಎರಡೆರಡು ರೀಚಾರ್ಜ್ ಯಾಕೆ ಅಂದುಕೊಂಡೆ. ಒಂದು ಕಾಲದಲ್ಲಿ ಲೈಫ್‌ಟೈಮ್ ಸಿಮ್ ಅಂತಿತ್ತು. ಕರೆನ್ಸಿ ಇಲ್ಲದಿದ್ದರೂ ಒಳಗೆ ಕರೆ ಬರುತ್ತಿತ್ತು. 2018ರ ಕೊನೆಗೆ ಖಾಸಗಿ ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸಲೇಬೇಕು, ಇಲ್ಲದಿದ್ದರೆ ಒಳಬರುವ ಕರೆಯೂ ನಿಲ್ಲುತ್ತದೆ ಅಂದವು. ನಾನು ಹಳೆ ಸಿಮ್ ಬಿಡುವ ನಿರ್ಧಾರ ಮಾಡುವ ಹೊತ್ತಿಗೆ ಅದು ನೂರರ ಹತ್ತಿರ ಬಂದಿತ್ತು. ಅಮ್ಮ ಆ ಫೋನಿನಲ್ಲಿ ಎಷ್ಟು ಮಾತಾಡುತ್ತಾಳೆ ಅಂತ ನೋಡಿದೆ. ತಿಂಗಳಿಗೆ ನಾಲ್ಕಾರು ಕರೆ, ಅವೂ ಹೆಚ್ಚಿನವು ನನಗೇ. ಇಷ್ಟಕ್ಕೆ ನೂರು ರೂಪಾಯಿ ದಂಡ ಅಂತ ತೀರ್ಮಾನಿಸಿದೆ. ಅವಳು ಆ ಫೋನಿಂದ ಪಡೆಯುತ್ತಿದ್ದ ದೊಡ್ಡ ಲಾಭ ಯಾವ ಬಿಲ್ಲಿನಲ್ಲೂ ಕಾಣುವಂಥದ್ದಾಗಿರಲಿಲ್ಲ. ಎತ್ತದ ಕರೆಗೆ ನಿಮಿಷವಿಲ್ಲ, ಪೈಸೆಯಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ದೊಡ್ಡಮ್ಮ ಬರಲೇ ಇಲ್ಲ.

ಟಚ್ ಫೋನು ಅಮ್ಮನಿಗೆ ಒಗ್ಗಲಿಲ್ಲ. ಕಾಯಿ ಸುಲಿದು, ಸೆಗಣಿ ಬಾಚಿ ಒರಟಾದ ಬೆರಳಿಗೆ ಆ ಗಾಜು ಓಗೊಡುತ್ತಿರಲಿಲ್ಲ. ಒಣಗಿ ಗಡುಸಾದ ಚರ್ಮವನ್ನು ಟಚ್ ಪರದೆ ಸರಿಯಾಗಿ ಗ್ರಹಿಸುವುದಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರವೂ ಅವಳನ್ನು ಗುರುತಿಸಲು ಸತಾಯಿಸುತ್ತಿತ್ತು ಎಂಬುದು ನನಗೆ ಗೊತ್ತೇ ಇತ್ತು, ಆದರೂ ಹೊಳೆಯಲಿಲ್ಲ. ಕರೆ ಬಂದರೆ ಹಸಿರು ಗುಂಡನ್ನು ಮೇಲಕ್ಕೆ ಎಳೆಯಬೇಕು. ಅವಳು ಒತ್ತುತ್ತಿದ್ದಳು, ಒತ್ತಿ ಒತ್ತಿ ಬಿಡುತ್ತಿದ್ದಳು. ನಾನು ಊರಿಗೆ ಹೋದಾಗಲೆಲ್ಲ ಮತ್ತೆ ಹೇಳಿಕೊಡುತ್ತಿದ್ದೆ, ಸ್ವಲ್ಪ ದನಿ ಎತ್ತರಿಸಿಯೇ. ಅವಳು ತಲೆಯಾಡಿಸುತ್ತಿದ್ದಳು.

ಹಳೆ ಸೆಟ್ಟಿಗೆ ಎಚ್ಚರಿಕೆಯ ಮೆಸೇಜುಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ರೆಕಾರ್ಡ್ ಮಾಡಿದ ಕರೆಗಳೂ ಬಂದವು. "ಯಾರೋ ಹುಡುಗಿ ರೀಚಾರ್ಜ್ ಅಂತಾಳೆ ಕಣೋ" ಅಂತ ಅಮ್ಮ ಹೇಳಿದಾಗ, "ಬಿಡಮ್ಮ, ಅದು ಇನ್ನು ಬೇಡ" ಅಂದೆ. ಮೊದಲು ಹೊರಹೋಗುವ ಕರೆ ನಿಂತಿತು, ಆಮೇಲೆ ಒಳಬರುವುದು. ಬಳಕೆಯಿಲ್ಲದೆ 90 ದಿನ ಬಿದ್ದ ಪ್ರೀಪೇಯ್ಡ್ ಸಂಪರ್ಕವನ್ನು ಕಡಿಯಲು ಕಂಪನಿಗೆ ಅವಕಾಶವಿದೆ. ಕಡಿದ ಮೇಲೆ ಕನಿಷ್ಠ 90 ದಿನ ಆ ನಂಬರನ್ನು ಬೇರೆಯವರಿಗೆ ಕೊಡುವಂತಿಲ್ಲ, ಅದು ಕಳೆದರೆ ಕೊಡಬಹುದು. ಇಷ್ಟು ದಿನಗಳಲ್ಲಿ ಯಾವತ್ತಾದರೂ ನಾನು ಎಚ್ಚೆತ್ತಿದ್ದರೆ ಆಗುತ್ತಿತ್ತು.

ನಂಬರು ಹೋದದ್ದು ಮೊದಲು ಗೊತ್ತಾದದ್ದು ಗ್ಯಾಸಿನಿಂದ. ಸಿಲಿಂಡರಿನ ಕೋಡ್ ಹಳೆ ನಂಬರಿಗೆ ಹೋಗುತ್ತಿತ್ತು. ಬ್ಯಾಂಕಿನ ಖಾತೆಗೂ ಅದೇ ನಂಬರು, ಆಧಾರಿಗೂ ಅದೇ. ದುಡ್ಡು ಖಾತೆಗೆ ಬೀಳುವುದೇನೂ ನಿಲ್ಲಲಿಲ್ಲ, ಬಿದ್ದ ಸುದ್ದಿ ಮಾತ್ರ ಇನ್ನೊಬ್ಬರ ಜೇಬಿಗೆ ಹೋಗುವಂತಾಯಿತು. ಆಧಾರಿನ ನಂಬರು ಬದಲಿಸಲು ಅಮ್ಮನೇ ಖುದ್ದಾಗಿ ಕೇಂದ್ರಕ್ಕೆ ಬರಬೇಕಿತ್ತು. ಬೆಳಗಿನಿಂದ ಸಾಲಿನಲ್ಲಿ ನಿಂತಳು. ಬೆರಳು ಹಿಡಿಯಲಿಲ್ಲ, ಒರೆಸಿ ಒರೆಸಿ ಇಟ್ಟರೂ ಹಿಡಿಯಲಿಲ್ಲ. ಕೊನೆಗೆ ಕಣ್ಣಿನ ಗುರುತು ಹಿಡಿಯಿತು. ಒಂದೇ ಒಂದು ಮಾತೂ ಆಡಲಿಲ್ಲ ಅವಳು. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಇದೆಲ್ಲ ಅಲೆದಾಟದಿಂದ ಸರಿಹೋಗುವ ನಷ್ಟ. ದೊಡ್ಡಮ್ಮನ ವಿಷಯ ಹಾಗಲ್ಲ.

ಹಳೆ ಫೋನು ಸುಮ್ಮನಾದ ಹೊಸದರಲ್ಲಿ ಅಮ್ಮ ನನಗೆ ಹೇಳಿದ್ದಳು, "ಅಕ್ಕ ರಿಂಗು ಬಿಡ್ತಾ ಇಲ್ಲ ಕಣಪ್ಪ." ನಾನು ಹೊಸ ನಂಬರನ್ನು ದೊಡ್ಡಮ್ಮನ ಮಗನಿಗೆ ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಂಡೆ. ಅವನು ತನ್ನ ಫೋನಿನಲ್ಲಿ ಸೇವ್ ಮಾಡಿಕೊಂಡ. ದೊಡ್ಡಮ್ಮನ ಬಟನ್ ಸೆಟ್ಟಿಗೆ ಅದು ಹೋಗಲೇ ಇಲ್ಲ. ಅಮ್ಮ ಪಕ್ಕದ ಮನೆ ಹುಡುಗಿಯ ಕೈಲಿ ಹಚ್ಚಿಸಿ ಟಚ್ ಫೋನಿಂದ ರಿಂಗು ಬಿಟ್ಟು ನೋಡಿದಳಂತೆ. ಗೊತ್ತಿಲ್ಲದ ನಂಬರಿನ ರಿಂಗು ದೊಡ್ಡಮ್ಮನಿಗೆ ಯಾರದೋ ರಿಂಗು. ಅವಳು ತಿರುಗಿ ಬಿಡಲಿಲ್ಲ.

ಆದರೆ ದೊಡ್ಡಮ್ಮ ತನ್ನ ಕಡೆಯಿಂದ ಬಿಟ್ಟಿರಲಿಲ್ಲ. ಪ್ರತಿ ಸಂಜೆ ಹಳೆ ನಂಬರಿಗೆ ಹಚ್ಚುತ್ತಿದ್ದಳು. ರೆಕಾರ್ಡಿನ ದನಿ ಕೇಳಿಸಿದರೆ ಟವರ್ ಇಲ್ಲ ಅಂದುಕೊಳ್ಳುತ್ತಿದ್ದಳು. ತಿಂಗಳುಗಳ ಮೇಲೆ ಒಂದು ಸಂಜೆ ಮತ್ತೆ ರಿಂಗಾಯಿತು. ಅವಳಿಗೆ ಹಬ್ಬ. ದಿನಾ ಬಿಟ್ಟಳು. ತಿರುಗಿ ರಿಂಗು ಬರದಿದ್ದಾಗ ಒಂದಿನ ಎರಡು ರಿಂಗು ಬಿಟ್ಟಳು, ಇನ್ನೊಂದಿನ ಮೂರು. ಆ ಕಡೆಯ ಹುಡುಗನಿಗೆ ಸಾಕಾಗಿ ಕರೆ ಎತ್ತಿ ರೇಗಿದ, ಇನ್ನೊಮ್ಮೆ ಮಾಡಬೇಡ ಅಂದ.

ತಂಗಿಯ ಫೋನಿನಲ್ಲಿ ಗಂಡು ದನಿ. ಮಗನಲ್ಲದೆ ಇನ್ಯಾರದು? ನಾನೇ ಬಯ್ದೆ ಅಂತ ದೊಡ್ಡಮ್ಮ ತಿಳಿದಳು.

ಅವಳು ಯಾರಿಗೂ ಹೇಳಲಿಲ್ಲ, ಮುನಿದದ್ದನ್ನೂ ತೋರಿಸಲಿಲ್ಲ. ಆಮೇಲೆ ನಮ್ಮ ಮನೆಗೆ ಬರುವುದು ನಿಲ್ಲಿಸಿದಳು. ನನ್ನ ಮಗಳ ಹುಟ್ಟುಹಬ್ಬಕ್ಕೆ, ಅಪ್ಪನ ತಿಥಿಗೆ, ಎರಡಕ್ಕೂ ಮಂಡಿನೋವು ಅಂತ ಹೇಳಿಕಳಿಸಿದಳು. ಅಕ್ಕನಿಗೆ ತನ್ನ ಮೇಲೆ ಏನೋ ಬೇಜಾರಾಗಿದೆ ಅಂತ ಅಮ್ಮ ಒಳಗೇ ಕೊರಗಿದಳು. ಇಬ್ಬರೂ ಎಪ್ಪತ್ತರ ಅಂಚಿನವರು. ಆ ವಯಸ್ಸಿನಲ್ಲಿ ಕಳೆದ ತಿಂಗಳುಗಳಿಗೆ ಬೇರೆ ತಿಂಗಳುಗಳನ್ನು ತಂದುಕೊಡಲು ಯಾರಿಂದಲೂ ಆಗುವುದಿಲ್ಲ.

ಗೊತ್ತಾದದ್ದು ನೆಂಟರ ಮದುವೆಯೊಂದರಲ್ಲಿ. ಊಟದ ಪಂಕ್ತಿಯಲ್ಲಿ ನಾನು ಹೋಗಿ ಕಾಲಿಗೆ ನಮಸ್ಕಾರ ಮಾಡಿದಾಗ ದೊಡ್ಡಮ್ಮ ತಲೆ ಮೇಲೆ ಕೈಯಿಟ್ಟು, "ಅವತ್ತು ಅಷ್ಟೊಂದು ಬೈಬಾರ್ದಿತ್ತಪ್ಪ ನೀನು" ಅಂದಳು. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಊಟ ಇಳಿಯಲಿಲ್ಲ. ಅಮ್ಮನನ್ನು ಕರೆದು ಇಬ್ಬರ ಮುಂದೆ ಕೂತು ಎಲ್ಲ ಬಿಡಿಸಿ ಹೇಳಿದೆ. ನಂಬರು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ ಎಂಬುದನ್ನೇ ದೊಡ್ಡಮ್ಮ ನಂಬಲು ಹೊತ್ತು ಹಿಡಿಯಿತು. ಅವಳ ಮಟ್ಟಿಗೆ ಅದು ತಂಗಿಯ ಮನೆಯ ಬಾಗಿಲು. ಬೇರೆಯವರಿಗೆ ಹೇಗೆ ಕೊಡುತ್ತಾರೆ?

ಮಾರನೆಯ ದಿನ ಆ ನಂಬರಿಗೆ ಕರೆ ಮಾಡಿದೆ. ಹುಡುಗ ಒಳ್ಳೆಯವನು. ವಿಷಯ ಕೇಳಿ ನೊಂದುಕೊಂಡ, "ವಯಸ್ಸಾದೋರು ಅಂತ ಗೊತ್ತಾಗಲಿಲ್ಲ ಸರ್" ಅಂದ. ನಂಬರು ಬಿಟ್ಟುಕೊಡುತ್ತೀಯಾ ಅಂತ ಕೇಳುವ ಯೋಚನೆ ಇತ್ತು. ಅವನ ಬ್ಯಾಂಕು, ಆಧಾರು, ಕೆಲಸ ಎಲ್ಲ ಅದಕ್ಕೆ ಅಂಟಿಕೊಂಡಿತ್ತು. ನಾನು ಅಮ್ಮನಿಗೆ ಮಾಡಿದ್ದನ್ನು ಅವನಿಗೂ ಮಾಡಬೇಕಾಗುತ್ತಿತ್ತು. ಕೇಳಲಿಲ್ಲ.

ನನ್ನನ್ನು ಹೆಚ್ಚು ಚುಚ್ಚುವುದು ಏನೆಂದರೆ, ಕಂಪನಿ ಬದಲಿಸಲು ನಂಬರು ಕಳೆದುಕೊಳ್ಳಬೇಕಾದ್ದೇ ಇರಲಿಲ್ಲ. 2011ರ ಜನವರಿಯಿಂದ ದೇಶದಲ್ಲೆಲ್ಲ ಪೋರ್ಟಿಂಗ್ ಇದೆ. ಆ ಫೋನಿಂದ 1900ಕ್ಕೆ ಒಂದು ಮೆಸೇಜು ಕಳಿಸಿ, ಬಂದ ಕೋಡನ್ನು ಅಂಗಡಿಯಲ್ಲಿ ತೋರಿಸಿದ್ದರೆ ಅದೇ ನಂಬರು ಹೊಸ ಕಂಪನಿಗೆ ಬರುತ್ತಿತ್ತು. ನನ್ನ ಸ್ವಂತ ನಂಬರನ್ನು ನಾನು ಹಾಗೆಯೇ ಕಾಪಾಡಿಕೊಂಡಿದ್ದೇನೆ. ಕಾಲೇಜಿನ ದಿನದಿಂದ ಇದೆ ಅಂತ ಜತನದಿಂದ ಪೋರ್ಟ್ ಮಾಡಿಸಿದ್ದೆ. ಅಮ್ಮನದಕ್ಕೆ ಆ ಬೆಲೆ ಇದೆ ಅನ್ನಿಸಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರ ಬಟನ್ ಸೆಟ್ಟಿನ ಸಿಮ್ ಬಿಡುವ ಮಾತು ಬಂದಿದ್ದರೆ, ಬಿಲ್ಲು ನೋಡಬೇಡಿ. ಒಂದು ಸಂಜೆ ಪಕ್ಕದಲ್ಲಿ ಕೂತು ಆ ಫೋನಿಗೆ ಯಾರು ಯಾವಾಗ ರಿಂಗು ಬಿಡುತ್ತಾರೆ ಅಂತ ಗಮನಿಸಿ, ಅವರನ್ನೇ ಕೇಳಿ.

ಈಗ ಅಮ್ಮನ ಹತ್ತಿರ ಮತ್ತೆ ಬಟನ್ ಸೆಟ್ಟು ಇದೆ, 4ಜಿ ಹಿಡಿಯುವಂಥದ್ದು. ಟಚ್ ಫೋನಿನ ಸಿಮ್ಮನ್ನೇ ಅದಕ್ಕೆ ಹಾಕಿದ್ದೇವೆ. ಡೇಟಾ ಇಲ್ಲದ, ಬರೀ ಮಾತು ಮತ್ತು ಮೆಸೇಜಿನ ಪ್ಯಾಕು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಅಮ್ಮನೇ ಅಂಗಡಿಗೆ ಹೋಗಿ ಹಾಕಿಸುತ್ತಾಳೆ. ಬೆಂಗಳೂರಿಂದ ನಾನು ಮಾಡಿಬಿಡುತ್ತೇನೆ ಅಂದರೆ ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಸಂಜೆಯ ರಿಂಗು ಮಾತ್ರ ಮತ್ತೆ ಶುರುವಾಗಿಲ್ಲ. ದೊಡ್ಡಮ್ಮನ ಸೆಟ್ಟು ಅಷ್ಟರಲ್ಲಿ ಕೆಟ್ಟುಹೋಯಿತು, ಅವಳ ಮಗ ಇನ್ನೊಂದು ತರಲಿಲ್ಲ. ಭಾನುವಾರ ಅವನೇ ತನ್ನ ಫೋನಿಂದ ಹಚ್ಚಿ ಕೊಡುತ್ತಾನೆ, ಅವನ ಎದುರಿಗೆ ಇಬ್ಬರೂ ಮಳೆಯ ಮಾತು, ಕಾಯಿ ರೇಟು ಆಡಿ ಮುಗಿಸುತ್ತಾರೆ. ಮುಂದಿನ ಸಲ ಹುಳಿಯಾರಿಗೆ ಹೋದಾಗ ದೊಡ್ಡಮ್ಮನಿಗೂ ಒಂದು ಬಟನ್ ಸೆಟ್ಟು ಬೇಕಾ ಅಂತ ಕೇಳಬೇಕೆಂದಿದ್ದೇನೆ. ಬೇಕು ಅಂದರೆ ಹುಳಿಯಾರಿನ ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋಗಿ, ಅವಳ ಬೆರಳಿಗೆ ಹಿಡಿಸುವ ಬಟನ್ನು ಯಾವುದು ಅಂತ ಒತ್ತಿಸಿ ನೋಡಿ ಕೊಂಡು ಬರುತ್ತೇನೆ.