ಕಂಬದಿಂದ ಕಂಬಕ್ಕೆ

ಚಳ್ಳಕೆರೆಯಲ್ಲಿ ಇಂಟರ್‌ವಲ್ ಅಂದರೆ ಸಿನಿಮಾದ್ದು, ಮಂಡಕ್ಕಿ ಪೊಟ್ಟಣ ಬಿಚ್ಚುವ ಹೊತ್ತು. ನನಗೆ ಮಾತ್ರ ಅದು ಮಂಗಳವಾರ, ಶುಕ್ರವಾರದ ಬೆಳಗಿನ ಐದೂವರೆ. ಊರಾಚೆಯ ಮಣ್ಣುದಾರಿ, ಪಕ್ಕದಲ್ಲೇ ಕರೆಂಟ್ ಕಂಬಗಳ ಸಾಲು. ಹೆಜ್ಜೆ ಹಾಕಿ ಅಳೆದಿದ್ದೇನೆ, ಕಂಬದಿಂದ ಕಂಬಕ್ಕೆ 50 ಮೀಟರ್ ಹತ್ತಿರ. ಎಂಟು ಕಂಬ ಜೋರು ಓಟ, ನಾಲ್ಕು ಕಂಬ ನಡಿಗೆ, ಮತ್ತೆ ಎಂಟು ಕಂಬ ಓಟ. ಇಷ್ಟೇ ವಿದ್ಯೆ.

ಮೊದಲ ಓಟ ಯಾವತ್ತೂ ಸುಳ್ಳು ಹೇಳುತ್ತದೆ. ಮೈ ಹಗುರ, ಕಾಲಿಗೆ ರೆಕ್ಕೆ. ಮೂರನೆಯದರಲ್ಲಿ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಹತ್ತುತ್ತದೆ. ಐದನೆಯದರಲ್ಲಿ ಆ ವಾಸನೆಯೂ ಗೊತ್ತಾಗದು, ಬಾಯಲ್ಲಿ ಎಂಜಲು ಅಂಟಾಗಿ ಕಂಬವೊಂದೇ ಕಾಣುತ್ತದೆ. ಆಷಾಢದಲ್ಲಿ ಗಾಳಿಗೆ ಎದುರಾಗಿ ಓಡಿದರಂತೂ ಕಂಬಗಳನ್ನು ರಾತ್ರೋರಾತ್ರಿ ಯಾರೋ ದೂರ ದೂರ ನೆಟ್ಟಂತೆ ಅನಿಸುತ್ತದೆ. ಆಮೇಲೆ ಆ ನಾಲ್ಕು ಕಂಬದ ನಡಿಗೆ. ಎದೆ ಡವಡವ ಹೊಡೆದು ಹೊಡೆದು ನಿಧಾನವಾಗಿ ಜಾಗಕ್ಕೆ ಬಂದು ಕೂರುತ್ತದಲ್ಲ, ಆ ಒಂದೂವರೆ ನಿಮಿಷಕ್ಕಾಗಿಯೇ ನಾನು ಓಡುವುದು ಎಂದು ಒಮ್ಮೊಮ್ಮೆ ಗುಮಾನಿ.

ಗುಮಾನಿಗೆ ಆಧಾರವೂ ಉಂಟು. 1930ರ ದಶಕದಲ್ಲಿ ಜರ್ಮನಿಯಲ್ಲಿ ವೋಲ್ಡೆಮಾರ್ ಗೆರ್ಶ್ಲರ್ ಎಂಬ ತರಬೇತುದಾರ, ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಜೊತೆ ಸೇರಿ ಈ ಪದ್ಧತಿಗೆ ಶಾಸ್ತ್ರ ಕಟ್ಟಿದ. ಓಟದಲ್ಲಿ ನಾಡಿ 180ರ ಹತ್ತಿರ ಏರಲಿ, ಬಿಡುವಿನಲ್ಲಿ 120ಕ್ಕೆ ಇಳಿಯಲಿ. 90 ಸೆಕೆಂಡಿನೊಳಗೆ ಇಳಿಯಲಿಲ್ಲವೋ, ಓಟ ಹೆಚ್ಚಾಯಿತೆಂದೇ ಲೆಕ್ಕ. ಹೃದಯ ಬಲಿಯುವುದು ಓಟದಲ್ಲಲ್ಲ, ನಡುವಿನ ಬಿಡುವಿನಲ್ಲಿ ಎಂದು ಅವರ ವಾದ. ಅದಕ್ಕೇ ಇಂಟರ್‌ವಲ್ ಎಂಬ ಹೆಸರು. ಗೆರ್ಶ್ಲರನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿ ಮಾಡಿದ ದಾಖಲೆ 1955ರವರೆಗೂ ಅಲುಗಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಬಿಡುವನ್ನು ನಾನೇ ನುಂಗಿದೆ. ಒಂದು ಭಾನುವಾರ ಮೊಳಕಾಲ್ಮುರಿಗೆ ಹೋದವನು ನುಂಕೆಮಲೆಯ ಏರು ಕಂಡು ಹುಮ್ಮಸ್ಸಿಗೆ ಬಿದ್ದೆ. ಹತ್ತು ಸಲ ಮೇಲಕ್ಕೆ ಓಟ, ಇಳಿದ ತಕ್ಷಣ ಮತ್ತೆ ಮೇಲಕ್ಕೆ. ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಎಡಗಾಲ ಹಿಮ್ಮಡಿಯ ಮೇಲಿನ ದಪ್ಪ ನರ ಚುಳ್ಳೆಂದಿತು. ನಮ್ಮದೇ ತಾಲ್ಲೂಕಿನ ಕ್ಯಾತೇದೇವರ ಜಾತ್ರೆಯಲ್ಲಿ ಕಾಡುಗೊಲ್ಲರು ಮುಳ್ಳಿನ ಗುಡಿಯನ್ನು ಬರಿಗಾಲಲ್ಲಿ ಏರುತ್ತಾರೆ. ನಾನು ಗಾರೆ ನೆಲದ ಮೇಲೆ ಗೋಡೆ ಹಿಡಿದು ಬಚ್ಚಲಿಗೆ ಹೋದೆ.

ಎರಡು ವಾರ ಸುಮ್ಮನೆ ಕೂತೆ. ನೋವು ಹೋಯಿತು. ಓಡಿದೆ. ನೋವು ಬಂತು. ಆಗ ಕೈಗೆ ಸಿಕ್ಕಿದ್ದು ಸ್ವೀಡನ್ನಿನ ಮೂಳೆವೈದ್ಯ ಹೋಕನ್ ಆಲ್‌ಫ್ರೆಡ್‌ಸನ್‌ನ ಕತೆ. ಇದೇ ನೋವಿತ್ತಂತೆ ಅವನಿಗೆ. ಶಸ್ತ್ರಚಿಕಿತ್ಸೆ ಮಾಡಿ ಎಂದರೆ ಮೇಲಿನವರು ಒಪ್ಪಲಿಲ್ಲ. ನರ ಹರಿದೇ ಹೋದರೆ ಮಾಡಲೇಬೇಕಲ್ಲ ಎಂದು ಅದಕ್ಕೆ ಬೇಕೆಂದೇ ಭಾರ ಹಾಕುತ್ತ ಹೋದ. ಹರಿಯುವ ಬದಲು ವಾಸಿಯಾಯಿತು! 1998ರಲ್ಲಿ ಅವನು ಪ್ರಕಟಿಸಿದ ಕ್ರಮವನ್ನೇ ನಾನೂ ಹಿಡಿದೆ. ಜಗಲಿಯ ಅಂಚಿನಲ್ಲಿ ತುದಿಗಾಲ ಮೇಲೆ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವುದು. ಹದಿನೈದರಂತೆ ಮೂರು ಸಲ, ಮಂಡಿ ನೆಟ್ಟಗಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ, ದಿನಕ್ಕೆರಡು ಹೊತ್ತು, 12 ವಾರ. ಹಾಲಿನವನು ದಿನಾ ನೋಡಿಕೊಂಡು ಹೋಗುತ್ತಿದ್ದ, ಏನೂ ಕೇಳಲಿಲ್ಲ. ಕೇಳದಿದ್ದುದೇ ಜಾಸ್ತಿ ಮುಜುಗರ.

ಕೇಳಿದ್ದು ಒಬ್ಬ ಕಿಲಾರಿ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಮುದುಕ. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಹಬ್ಬ ಬಂದಾಗ ಅವು ಓಡಿದರೆ ಕಿಲಾರಿಗಳೂ ಜೊತೆಗೆ ಓಡಬೇಕು. ಕಂಬಕ್ಕೆ ಒರಗಿ ಹಿಮ್ಮಡಿ ನೀವಿಕೊಳ್ಳುತ್ತಿದ್ದ ನನ್ನ ಪಕ್ಕ ಕೋಲೂರಿ ನಿಂತ.

‘ಏನ್ ಸಾಮಿ, ನರ ಹಿಡದೈತಾ?’

‘ಹೂಂ ಯಜಮಾನ್ರೇ. ಎರಡು ವಾರ ಕೂತಿದ್ದೆ.’

‘ಕುಂಟೋ ಎತ್ತನ್ನ ಕಟ್ಟಾಕಿದ್ರೆ ಇನ್ನೂ ಕುಂಟ್ತೈತೆ. ಬಿಟ್ಟು ಮೇಯಿಸ್ಬೇಕು. ಓಡ್ಸಬಾರ್ದು ಅಷ್ಟೇ.’

ಆಲ್‌ಫ್ರೆಡ್‌ಸನ್ ಒಂದು ಪ್ರಬಂಧದಲ್ಲಿ ಹೇಳಿದ್ದನ್ನು ಮುದುಕ ಮೂರು ಮಾತಲ್ಲಿ ಮುಗಿಸಿದ್ದ.

ಈಗ ಲೆಕ್ಕ ತಿರುಗಿಸಿದ್ದೇನೆ. ನಾಲ್ಕು ಕಂಬ ಓಟ, ನಾಲ್ಕು ಕಂಬ ನಡಿಗೆ. ಏರು ಬಂದ್. ಓಡುವಾಗ ಸ್ವಲ್ಪ ಗುಂಯ್ ಎಂದರೆ ಚಿಂತೆಯಿಲ್ಲ; ಮರುದಿನದ ಮೊದಲ ಹೆಜ್ಜೆಯೇ ನ್ಯಾಯಾಧೀಶ, ಅದು ಚುಳ್ಳೆಂದರೆ ಮುಂದಿನ ಸಲ ಒಂದು ಓಟ ಕಡಿಮೆ. ಭಾನುವಾರ ನುಂಕೆಮಲೆಯ ಬದಲು ಬ್ರಹ್ಮಗಿರಿಯ ಬಯಲಲ್ಲಿ ಮೆಲ್ಲನೆ ಓಡುತ್ತೇನೆ. ಅಲ್ಲಿನ ಬಂಡೆಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ದೊಡ್ಡವರು, ಸಣ್ಣವರು ಎಲ್ಲರೂ ಪ್ರಯತ್ನಪಡಲಿ ಎಂಬುದು ಅದರ ಆಶಯ. ಬಿಡುವಿನ ಬಗ್ಗೆ ಸಾಮ್ರಾಟ ಏನೂ ಬರೆಸಿಲ್ಲ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ಮಾತ್ರ ತನ್ನ ಕಸುಬಿನ ಹೆಸರನ್ನು ದೂರದ ಖರೋಷ್ಠಿ ಲಿಪಿಯಲ್ಲಿ ಕೆತ್ತಿಟ್ಟಿದ್ದಾನೆ. ಕೆಲಸ ಮುಗಿದ ಮೇಲಿನ ಸಣ್ಣ ಖುಷಿ ಅದು, ನನ್ನ ನಾಲ್ಕು ಕಂಬದ ನಡಿಗೆಯ ಹಾಗೆ.

ಮೊನ್ನೆ ಶುಕ್ರವಾರ ಆರನೇ ಓಟಕ್ಕೆ ಹಿಮ್ಮಡಿ ಬೆಚ್ಚಗಿತ್ತು, ನೋವಿಲ್ಲ. ಇನ್ನೊಂದಕ್ಕೆ ಕಾಲು ಎಳೆಯುತ್ತಿತ್ತು. ಅಷ್ಟರಲ್ಲಿ ಎತ್ತುಗಳು ದಾರಿಗೆ ಅಡ್ಡ ಬಂದವು. ಧೂಳಿಳಿಯುವವರೆಗೂ ಕಂಬಕ್ಕೆ ಒರಗಿ ನಿಂತಿದ್ದು, ಮನೆ ಕಡೆ ತಿರುಗಿದೆ.